ಮಳೆಗಾಲದ ಮಂದಜ್ವಾಲೆ: ಹುದಿಕೇರಿಯ ಒಂದು ಗೋಬರ್ ಅನಿಲದ ಒಲೆ

ದಕ್ಷಿಣ ಕೊಡಗಿನ ಹುದಿಕೇರಿಯಲ್ಲಿ ಕಕ್ಕಡ ಮಾಸವೆಂದರೆ ಒಲೆಯ ಬೆಲೆ ತಿಳಿಯುವ ಕಾಲ. ಹೊರಗೆ ಬಿಡದೆ ಸುರಿಯುವ ಮಳೆ; ಒಳಗೆ ಒದ್ದೆ ಸೌದೆಯ ಹೊಗೆ. ಹೊಗೆಯ ಬಾಧೆಯನ್ನು ತಪ್ಪಿಸಲೆಂದು ಹಾಕಿಸಿದ ಗೋಬರ್ ಅನಿಲದ ಒಲೆಯೂ ಇದೇ ದಿನಗಳಲ್ಲಿ ಮಂಕಾಗುವುದುಂಟು. ಆ ಊರಿನ ನಮ್ಮ ಬಂಧುಗಳ ಮನೆಯಲ್ಲಿ ಹೀಗಾದಾಗ, ಗುಂಡಿ ಕೆಟ್ಟಿತು, ಮುಚ್ಚಿಸಿಬಿಡುವುದೇ ಲೇಸು ಎಂದು ಹಿರಿಯರು ನಿಶ್ಚಯಿಸಿದ್ದರು. ಪರೀಕ್ಷಿಸಿ ನೋಡಲಾಗಿ ಕೆಟ್ಟದ್ದು ಗುಂಡಿಯಲ್ಲ; ಕೊಳವೆಯ ತಗ್ಗಿನಲ್ಲಿ ಒಂದು ಲೋಟದಷ್ಟು ನೀರು ನಿಂತಿತ್ತು. ಮಂದಜ್ವಾಲೆಯು ರೋಗವಲ್ಲ, ರೋಗದ ಲಕ್ಷಣ. ಅದರ ಕಾರಣವನ್ನು ಕ್ರಮವಾಗಿ ಅರಸುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಅನಿಲದ ಚರಿತ್ರೆ ಹೊಸದೇನೂ ಅಲ್ಲ. 1776ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು ಮಜ್ಜೋರೆ ಸರೋವರದ ಕೆಸರಿನಿಂದ ಏಳುವ ಗುಳ್ಳೆಗಳನ್ನು ಹಿಡಿದು, ಅವು ಉರಿಯುವ ಅನಿಲವೆಂದು ತೋರಿಸಿದನು. ನಮ್ಮ ದೇಶದಲ್ಲಿ 1897ರಷ್ಟು ಹಿಂದೆಯೇ ಮುಂಬಯಿಯ ಮಾಟುಂಗದ ಕುಷ್ಠಾಶ್ರಮದಲ್ಲಿ ಕೊಳಚೆಯಿಂದ ಹುಟ್ಟಿದ ಅನಿಲವನ್ನು ಸಂಗ್ರಹಿಸಿ ಬಳಸಲಾಯಿತು. 1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ತೇಲುವ ಡ್ರಮ್ಮಿನ ಮಾದರಿಯನ್ನು ಹಳ್ಳಿಗಳಿಗೆ ಕೊಂಡೊಯ್ದಿತು. 1984ರಲ್ಲಿ ಇಟ್ಟಿಗೆಯ ಗುಮ್ಮಟವುಳ್ಳ ದೀನಬಂಧು ಮಾದರಿ ಬಂದಿತು.

ಜ್ವಾಲೆಯ ಸ್ವರೂಪವನ್ನು ಮೊದಲು ಅರಿಯಬೇಕು. ಗೋಬರ್ ಅನಿಲದಲ್ಲಿ ನೂರಕ್ಕೆ ಸುಮಾರು 60 ಪಾಲು ಮೀಥೇನು. ಉಳಿದುದರಲ್ಲಿ ಬಹುಪಾಲು ಉರಿಯದ ಇಂಗಾಲದ ಡೈಆಕ್ಸೈಡು. ಇದರ ಒಂದು ಪಾಲು ಪೂರ್ಣವಾಗಿ ಉರಿಯಲು 6 ಪಾಲಿಗೆ ತುಸು ಕಡಮೆ ಗಾಳಿ ಸಾಕು. ಸಿಲಿಂಡರಿನ ಅನಿಲಕ್ಕಾದರೋ 24ರಿಂದ 31 ಪಾಲು ಬೇಕು. ಆದುದರಿಂದ ಸಿಲಿಂಡರಿನ ಒಲೆಯನ್ನು ಹಾಗೆಯೇ ಗೋಬರ್ ಅನಿಲಕ್ಕೆ ಜೋಡಿಸಿದರೆ, ಅದರ ಕಿರಿದಾದ ರಂಧ್ರದಿಂದ ಅನಿಲ ಸಾಲದೆ ಉರಿ ಕುಗ್ಗುತ್ತದೆ. ಇಲ್ಲಿ ತಪ್ಪು ಅನಿಲದ್ದಲ್ಲ, ಒಲೆಯದು.

ಇನ್ನು ಶೋಧನೆಯ ಕ್ರಮ. ಸಮೀಪದ ಸಾಕ್ಷಿಯನ್ನು ಮೊದಲು ವಿಚಾರಿಸಿ, ಅನಂತರ ದೂರದ ಸಾಕ್ಷಿಗೆ ಹೋಗಬೇಕೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ನಿಯಮ. ಒಲೆಯ ವಿಷಯದಲ್ಲಿಯೂ ಅದೇ ನಿಯಮ ಸಲ್ಲುತ್ತದೆ.

ಮೊದಲನೆಯ ಸಾಕ್ಷಿ ಬರ್ನರು. ಉಕ್ಕಿದ ಹಾಲು, ಗಂಜಿ, ಮಸಿ ಇವುಗಳಿಂದ ಅದರ ರಂಧ್ರಗಳು ಮುಚ್ಚಿದ್ದರೆ ತೊಳೆದು ಒಣಗಿಸಬೇಕು. ಜ್ವಾಲೆ ಹಳದಿಯಾಗಿದ್ದರೆ ಗಾಳಿ ಸಾಲದು; ಬರ್ನರನ್ನು ಬಿಟ್ಟು ಮೇಲೆ ಎಗರುತ್ತಿದ್ದರೆ ಗಾಳಿ ಹೆಚ್ಚಾಗಿರಬಹುದು. ಗಾಳಿಯ ಕಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊಂದಿಸಿ ತಿಳಿನೀಲಿ ಬಣ್ಣವನ್ನು ತರಬೇಕು.

ಎರಡನೆಯದು ಕೊಳವೆ. ಗುಂಡಿಯಿಂದ ಹೊರಡುವ ಅನಿಲವು ತೇವದಿಂದ ತುಂಬಿರುತ್ತದೆ. ಚಳಿಯಲ್ಲಿ ಆ ತೇವವು ನೀರಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಜ್ವಾಲೆಯು ಒಂದೇ ಸಮನೆ ಸಣ್ಣಗಿರದೆ ಏರುತ್ತ ಇಳಿಯುತ್ತ ಕುಣಿಯುತ್ತಿದ್ದರೆ ನೀರು ನಿಂತಿದೆಯೆಂದೇ ಊಹಿಸಬಹುದು. ಕೊಳವೆಯ ಅತ್ಯಂತ ತಗ್ಗಾದ ಸ್ಥಳದಲ್ಲಿ ನೀರು ತೆಗೆಯುವ ನಲ್ಲಿಯಿರಬೇಕು. ಮಳೆಗಾಲದಲ್ಲಿ ಅದನ್ನು ಆಗಾಗ ತೆರೆದು ನೀರನ್ನು ಬಿಡಬೇಕು. ಹುದಿಕೇರಿಯ ಆ ಮನೆಯಲ್ಲಿ ನಲ್ಲಿಯಿತ್ತು. ಆದರೆ ಅದು ಕಾಡುಗಿಡಗಳ ಮರೆಯಲ್ಲಿ ಮರೆತುಹೋಗಿತ್ತು.

ಮೂರನೆಯದು ಅನಿಲದ ಒತ್ತಡ. ತೇಲುವ ಡ್ರಮ್ಮಿನ ಭಾರವು ಅನಿಲವನ್ನು ಒಂದೇ ಸಮನಾಗಿ ಒತ್ತುತ್ತದೆ. ಡ್ರಮ್ಮು ತುಕ್ಕು ಹಿಡಿದು ತೂತಾದರೆ ಮೇಲೇಳುವುದಿಲ್ಲ. ಗುಮ್ಮಟದ ಮಾದರಿಯಲ್ಲಿ ಅನಿಲವನ್ನು ಬಳಸಿದಂತೆಲ್ಲ ಒತ್ತಡ ಇಳಿಯುವುದು ಸಹಜ; ಅಡುಗೆಯ ಕೊನೆಯಲ್ಲಿ ಉರಿ ತಗ್ಗುವುದು ದೋಷವಲ್ಲ. ಸೋರಿಕೆಯ ಸಂಶಯವಿದ್ದಲ್ಲಿ ಕೀಲುಗಳಿಗೆ ಸಾಬೂನಿನ ನೊರೆಯನ್ನು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಬೆಂಕಿಕಡ್ಡಿಯನ್ನು ಗೀರಿ ಪರೀಕ್ಷಿಸುವುದು ಪ್ರಾಣಾಪಾಯಕರ. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಮೀಥೇನು ಬೆರೆತರೆ ಆ ಮಿಶ್ರಣವು ಸ್ಫೋಟಿಸಬಲ್ಲದು.

ಈ ಮೂರೂ ನಿರ್ದೋಷಿಗಳೆಂದು ತೋರಿದ ಮೇಲೆಯೇ ಗುಂಡಿಯನ್ನು ವಿಚಾರಿಸತಕ್ಕದ್ದು. ಅನಿಲವನ್ನು ಉಂಟುಮಾಡುವ ಸೂಕ್ಷ್ಮಜೀವಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. 20 ಡಿಗ್ರಿಗಿಂತ ಕೆಳಗೆ ಅವುಗಳ ಕೆಲಸ ಬಹಳ ನಿಧಾನವಾಗುತ್ತದೆ. ಕೊಡಗಿನ ಮಳೆಗಾಲದ ಚಳಿಯಲ್ಲಿ ಅನಿಲ ಕಡಮೆಯಾಗುವುದು ಇದರಿಂದಲೇ. ಒಂದು ಕಿಲೋಗ್ರಾಂ ಹಸಿ ಸಗಣಿಯಿಂದ ಸುಮಾರು 40 ಲೀಟರು ಅನಿಲ ದೊರೆಯುವುದೆಂಬ ಲೆಕ್ಕವು ಬೆಚ್ಚಗಿನ ದಿನಗಳಿಗೆ ಮಾತ್ರ ಹೊಂದುತ್ತದೆ. ಸಗಣಿಗೆ ಸಮಪ್ರಮಾಣದ ನೀರನ್ನು ಬೆರೆಸಬೇಕೆಂಬುದು ನಿಯಮ. ತೊಟ್ಟಿಗೆ ಮಳೆಯ ನೀರು ನುಗ್ಗಿದರೆ ಕಲಸು ತೆಳುವಾಗಿ ಅನಿಲ ಇನ್ನಷ್ಟು ಇಳಿಯುತ್ತದೆ. ತೊಟ್ಟಿಯ ಮೇಲೊಂದು ಸೂರು, ಸುತ್ತಲೂ ಚರಂಡಿ, ಕಲಸಲು ಉಗುರು ಬೆಚ್ಚಗಿನ ನೀರು, ಗುಮ್ಮಟದ ಮೇಲೆ ಒಣಹುಲ್ಲಿನ ಹೊದಿಕೆ, ಇವು ಮನೆಯವರೇ ಮಾಡಬಹುದಾದ ಉಪಾಯಗಳು. ಗುಂಡಿಯೊಳಕ್ಕೆ ಮಾತ್ರ ಯಾರೂ ಇಳಿಯಬಾರದು. ಅಲ್ಲಿಯ ವಿಷವಾಯು ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಬಲ್ಲದು.

ಆ ಮನೆಯಲ್ಲಿ ನೀರನ್ನು ಬಿಟ್ಟ ಸಂಜೆಯೇ ಉರಿಯ ಕುಣಿತ ನಿಂತಿತು. ಬೇಸಗೆಯಷ್ಟು ಅನಿಲ ದೊರೆಯಲಿಲ್ಲ. ಬೆಳಗಿನ ಕಾಫಿಗೂ ಒಂದು ಹೊತ್ತಿನ ಅನ್ನಕ್ಕೂ ಸಾಲುವಷ್ಟು ದೊರೆಯಿತು. ಕೊರತೆ ಋತುವಿನದೆಂದು ತಿಳಿದ ಮೇಲೆ ಗುಂಡಿಯನ್ನು ಮುಚ್ಚಿಸುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಕಾರಣವನ್ನು ಅರಿಯದೆ ಕೈಬಿಟ್ಟ ಉಪಕರಣಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇರಬಹುದು. ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಅಂಥದೊಂದನ್ನು ಈ ಕ್ರಮದಲ್ಲಿ ಪರೀಕ್ಷಿಸಿ ನೋಡುವುದು ಸಾರ್ಥಕವಾದ ಅಭ್ಯಾಸವಾದೀತು.