ರಾಗಿ ಸುರಿದರೆ ಮಳೆ, ಚಿಪ್ಪು ಬಡಿದರೆ ಕುದುರೆ

ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಅವರ ನಾಟಕ ಕಂಪನಿಯ ಆ ವೈಭವವೆಲ್ಲ ಕಣ್ಣಿಗಾಗಿ. ಕಿವಿಯನ್ನು ನಂಬಿಸಲು ಅಷ್ಟು ಖರ್ಚು ಬೇಕಿಲ್ಲ, ತೆಂಗಿನಕಾಯಿಯ ಎರಡು ಚಿಪ್ಪು ಸಾಕು. ರೇಡಿಯೊ ನಾಟಕ, ಸಿನಿಮಾಗಳಿಗೆ ಸದ್ದು ಕೂಡಿಸುವವರು ದಶಕಗಳಿಂದ ಕುದುರೆ ಓಡಿಸಿರುವುದು ಹೀಗೆಯೇ. ಹಾಲಿವುಡ್‌ನ ಜ್ಯಾಕ್ ಫೋಲಿಯ ನೆನಪಿಗೆ ಈ ಕೈಚಳಕವನ್ನು ಚಿತ್ರರಂಗ ‘ಫೋಲಿ’ ಎಂದೇ ಕರೆಯುತ್ತದೆ.

ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಕುಣಿಗಲ್. ಅಲ್ಲಿನ ಕೆರೆ ಏರಿಯ ಮೇಲೆ ಮಳೆಯಲ್ಲಿ ಕುದುರೆಯೊಂದು ಹಾದುಹೋಗುವ ಒಂದು ನಿಮಿಷದ ಧ್ವನಿಚಿತ್ರವನ್ನು ತುಮಕೂರಿನ ಮನೆಯೊಂದರಲ್ಲಿ ಕೂತೇ ಕಟ್ಟಬಹುದು. ಬೇಕಾದದ್ದು ಮೊಬೈಲ್, ಹಾರ್ಮೋನಿಯಂ, ಅಡುಗೆಮನೆಯ ಕೆಲವು ಸಾಮಾನು ಮತ್ತು ಆಡಾಸಿಟಿಯಂಥ ಉಚಿತ ತಂತ್ರಾಂಶ.

ಮೊದಲು ಮಳೆ. ಮೊರದ ಮೇಲೆ ರಾಗಿಯನ್ನು ಸಣ್ಣಗೆ ಸುರಿಯುತ್ತ ಹೋದರೆ ಮಳೆಯ ಸದ್ದು ಬರುತ್ತದೆ. ಸಾವಿರಾರು ಹನಿಗಳಲ್ಲಿ ಯಾವುದು ಯಾವಾಗ ಬಿತ್ತೆಂದು ಮಿದುಳು ಲೆಕ್ಕ ಇಡುವುದಿಲ್ಲ, ಒಟ್ಟು ಸರಾಸರಿಯನ್ನಷ್ಟೇ ಹಿಡಿಯುತ್ತದೆ. ಸಂಶೋಧಕರಾದ ಜೋಶ್ ಮ್ಯಾಕ್‌ಡರ್ಮಟ್ ಮತ್ತು ಈರೊ ಸಿಮೊನ್ಸೆಲಿ 2011ರಲ್ಲಿ ಇದನ್ನು ಪರೀಕ್ಷಿಸಿದರು. ಸಹಜ ಸದ್ದುಗಳ ಅಂಕಿಅಂಶಗಳನ್ನು ಮಾತ್ರ ಅಳೆದು, ಅವಕ್ಕೆ ಹೊಂದುವ ಹೊಸ ಸದ್ದುಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಿದರು. ಮಳೆ, ಹರಿವ ನೀರು, ಕೀಟಗಳ ಸದ್ದನ್ನು ಕೇಳುಗರು ಸಲೀಸಾಗಿ ಗುರುತಿಸಿದರು. ಲಯವೇ ಜೀವಾಳವಾದ ಸದ್ದುಗಳು ಮಾತ್ರ ಕೃತಕವೆನಿಸಿದವು.

ಕುದುರೆಯ ಸದ್ದು ಈ ಎರಡನೆಯ ಜಾತಿಯದು. ಕುದುರೆ ನಡೆಯುವಾಗ ಗೊರಸುಗಳು ಒಂದೊಂದಾಗಿ ನೆಲ ಮುಟ್ಟುತ್ತವೆ: ಸಮ ಅಂತರದ ನಾಲ್ಕು ಪೆಟ್ಟು. ಕುಕ್ಕುಲೋಟದಲ್ಲಿ ಎಡಮುಂಗಾಲು ಬಲಹಿಂಗಾಲು, ಬಲಮುಂಗಾಲು ಎಡಹಿಂಗಾಲು ಜೋಡಿಯಾಗಿ ಬೀಳುವುದರಿಂದ ಎರಡೇ ಪೆಟ್ಟು. ನಾಗಾಲೋಟದಲ್ಲಿ ನಾಲ್ಕು ಪೆಟ್ಟು ಒತ್ತೊತ್ತಾಗಿ ಬಂದು, ನಾಲ್ಕೂ ಕಾಲು ನೆಲ ಬಿಟ್ಟಾಗ ಚಿಕ್ಕದೊಂದು ಬಿಡುವು. ಚಿಪ್ಪಿನ ಟೊಳ್ಳಿನೊಳಗಿನ ಗಾಳಿ ಪೆಟ್ಟಿಗೆ ದುಂಡನೆಯ ನಾದ ಕೊಡುತ್ತದೆ. ಅದನ್ನು ಕುದುರೆಯಾಗಿಸುವುದು ಪೆಟ್ಟುಗಳ ಈ ಲೆಕ್ಕಾಚಾರ. ಚಿಪ್ಪನ್ನು ಕಲ್ಲಿನ ಬದಲು ಮಣ್ಣು ಹರಡಿದ ಚಾಪೆಯ ಮೇಲೆ ಬಡಿದರೆ ದಾರಿಯೂ ಬದಲಾಗುತ್ತದೆ.

ಇನ್ನು ಗುಡುಗು. ಮಿಂಚಿನ ಎಳೆ ಕಿಲೋಮೀಟರುಗಟ್ಟಲೆ ಉದ್ದ. ಹತ್ತಿರದ ತುದಿಯ ಸದ್ದು ಮೊದಲು, ದೂರದ್ದು ಆಮೇಲೆ ಬರುವುದರಿಂದ ಗುಡುಗು ಉರುಳುತ್ತದೆ. ಕಿಲೋಮೀಟರಿಗೆ ಸುಮಾರು 3 ಸೆಕೆಂಡು. ದಾರಿಯಲ್ಲಿ ಗಾಳಿ ತಾರಸ್ವರಗಳನ್ನು ಹೆಚ್ಚು ಹೀರುವ ಕಾರಣ ದೂರದ ಗುಡುಗಿನಲ್ಲಿ ಮಂದ್ರವಷ್ಟೇ ಉಳಿಯುತ್ತದೆ. ಒಂದು ತೆಳು ತಗಡನ್ನು ಅಲುಗಾಡಿಸಿ ರೆಕಾರ್ಡ್ ಮಾಡಿ, ತಂತ್ರಾಂಶದಲ್ಲಿ ಅರ್ಧ ವೇಗಕ್ಕೆ ಇಳಿಸಿ. ಕಂಪನಾಂಕ ಅರ್ಧವಾಗಿ ಸದ್ದು ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಅವಧಿ ಇಮ್ಮಡಿಯಾಗುತ್ತದೆ. ಅದೇ ಲೋಹದ, ಎಲ್ಲ ಅಳತೆಯಲ್ಲೂ ಎರಡು ಪಟ್ಟಿರುವ ತಗಡು ಕಂಪಿಸುವುದೂ ಅರ್ಧ ಕಂಪನಾಂಕದಲ್ಲಿಯೇ. ಹಾಗಾಗಿ ನಿಧಾನಿಸಿದ ಸದ್ದು ಕಿವಿಗೆ ದೊಡ್ಡ ವಸ್ತುವಿನ ಸದ್ದು. ಹಾರ್ಮೋನಿಯಂನ ಷಡ್ಜವನ್ನು ಹೀಗೆಯೇ ಇಳಿಸಿ ಎಲ್ಲದರ ಅಡಿಗೆ ಹಾಸಿದರೆ ಮೋಡ ಕವಿದ ಭಾವ ಸಿದ್ಧ.

ಮೊಬೈಲು ಸಾಮಾನ್ಯವಾಗಿ ಸದ್ದನ್ನು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ನಮ್ಮ ಕಿವಿಯ ಮೇಲ್ಮಿತಿ ಸುಮಾರು 20,000 ಹರ್ಟ್ಸ್; ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಕೇಳಿಸುವುದೇನೂ ಕಳೆಯುವುದಿಲ್ಲ. ಕಳೆಯದಿರುವುದೇ ಒಮ್ಮೊಮ್ಮೆ ತೊಂದರೆ: ಟೈಲ್ಸ್ ಹಾಕಿದ ಕೋಣೆಯ ಮಾರ್ದನಿಯೂ ಜೊತೆಗೆ ಬಂದುಬಿಡುತ್ತದೆ. ಕೆರೆ ಏರಿಯ ಮೇಲೆ ಗೋಡೆಗಳಿಲ್ಲವಲ್ಲ! ಸುತ್ತ ಕಂಬಳಿ ಇಳಿಬಿಟ್ಟು, ಮೈಕನ್ನು ಚಿಪ್ಪಿನ ಹತ್ತಿರ ಹಿಡಿದರೆ ಒಣ ಸದ್ದು ಸಿಗುತ್ತದೆ.

ದೂರವನ್ನು ಆಮೇಲೆ ಸಂಕಲನದಲ್ಲಿ ಕೂಡಿಸಬಹುದು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಷ್ಟು ಇಳಿಸಿ, ತಾರಸ್ವರ ಸ್ವಲ್ಪ ಕತ್ತರಿಸಿ, ಎಡಕಿವಿಯಿಂದ ಬಲಕಿವಿಗೆ ಸರಿಸಿದರೆ ಕುದುರೆ ಏರಿ ದಾಟಿ ಹೋಗುತ್ತದೆ. ಇವೆಲ್ಲ ಒಂದೊಂದು ಗುಂಡಿಯ ಕೆಲಸ. ಚಿಪ್ಪಿನ ನಡೆ ತಪ್ಪಿದ್ದರೆ ಮಾತ್ರ ಈ ಯಾವ ಗುಂಡಿಯೂ ಕುದುರೆಯನ್ನು ತರಲಾರದು. ಅಭ್ಯಾಸ ಮೊದಲು ಕೈಗೆ, ಆಮೇಲೆ ಕಂಪ್ಯೂಟರಿಗೆ.