ಗಾಳಿ ಹೆಚ್ಚೋ, ಪೆಟ್ರೋಲ್ ಕಡಿಮೆಯೋ?

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅರೆಗಳಿಗೆ ತಡೆದು, ಜರ್ಕ್ ಹೊಡೆದು ಮುಂದೆ ಹೋಗುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ. ಸ್ಕ್ಯಾನರ್ ಹಾಕಿದರೆ ಪಿ0171 ಎಂಬ ಕೋಡ್ ಬರುತ್ತದೆ, ಅಂದರೆ ಗಾಡಿ ಲೀನ್ ಓಡುತ್ತಿದೆ. ಇದರ ಬೆನ್ನಿಗೇ ಎಷ್ಟೋ ಕಡೆ ಕೇಳಿಬರುವ ಮಾತು, ‘ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕಬೇಕು’. ಹೊಸದು ಹಾಕಿದ ಮೇಲೂ ದೀಪ ಮತ್ತೆ ಹತ್ತುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಸೆನ್ಸರನ್ನೇ ಕಿತ್ತುಹಾಕಿದರೆ ರೋಗ ಎಲ್ಲಿ ವಾಸಿಯಾದೀತು?

ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿಯ ಪಾಲು ಇದಕ್ಕಿಂತ ಹೆಚ್ಚಾದರೆ ಲೀನ್, ಕಡಿಮೆಯಾದರೆ ರಿಚ್. ಮಜ್ಜಿಗೆ ತೆಳ್ಳಗಾಗಿದ್ದರೆ ನೀರು ಹೆಚ್ಚು ಬಿದ್ದಿರಬೇಕು, ಇಲ್ಲವೇ ಮೊಸರು ಸಾಲದೆ ಹೋಗಿರಬೇಕು. ಲೀನ್ ಎಂಜಿನ್ನಿನ ಮುಂದೆ ಮೊದಲು ಕೇಳಬೇಕಾದ್ದೂ ಇದೇ ಪ್ರಶ್ನೆ: ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆಯೋ, ಪೆಟ್ರೋಲೇ ಸಾಲುತ್ತಿಲ್ಲವೋ? ಇದು ಇತ್ಯರ್ಥವಾಗುವ ಮುನ್ನ ಯಾವ ಬಿಡಿಭಾಗಕ್ಕೂ ದುಡ್ಡು ಹಾಕಬಾರದು.

1983ರಲ್ಲಿ ಬಂದ ಮಾರುತಿ 800ರಂಥ ಕಾರ್ಬೊರೇಟರ್ ಗಾಡಿಗಳ ಕಾಲದಲ್ಲಿ ಮೆಕ್ಯಾನಿಕ್‌ಗಳು ಇದನ್ನು ಕಣ್ಣು, ಕಿವಿಯಿಂದಲೇ ಪತ್ತೆ ಹಚ್ಚುತ್ತಿದ್ದರು. ಪ್ಲಗ್ ಬಿಚ್ಚಿದಾಗ ತುದಿಯ ಪಿಂಗಾಣಿ ತಿಳಿಗಂದು ಇದ್ದರೆ ಸರಿ, ಕಪ್ಪು ಮಸಿ ಕಟ್ಟಿದ್ದರೆ ರಿಚ್, ಸುಣ್ಣ ಬಳಿದಂತೆ ಬಿಳುಚಿಕೊಂಡಿದ್ದರೆ ಲೀನ್. ಅನುಮಾನ ಉಳಿದರೆ ಚೋಕ್ ಅರ್ಧ ಎಳೆಯುತ್ತಿದ್ದರು. ಚೋಕ್ ಗಾಳಿಯನ್ನು ಕಟ್ಟುತ್ತದೆ. ಎಳೆದ ಕೂಡಲೇ ನಡುಗುವ ಎಂಜಿನ್ ಸಮಾಧಾನವಾದರೆ ಲೀನ್ ಎನ್ನುವುದು ಖಚಿತ. ಇಷ್ಟು ಸರಳವಾದ, ಇಷ್ಟು ಪ್ರಾಮಾಣಿಕವಾದ ಪರೀಕ್ಷೆ ಇನ್ನೊಂದಿಲ್ಲ.

ಇಂಜೆಕ್ಷನ್ ಗಾಡಿಗಳಲ್ಲಿ ಆ ಚೋಕ್ ಇಲ್ಲ. ಅದರ ಬದಲು ಫ್ಯುಯೆಲ್ ಟ್ರಿಮ್ ಎಂಬ ಅಂಕಿ ಇದೆ. ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಪೆಟ್ರೋಲನ್ನು ಏರಿಳಿಸಿ ಲೆಕ್ಕ ಸರಿದೂಗಿಸುತ್ತದೆ. ಎಷ್ಟು ಹೆಚ್ಚು ಹಾಕಬೇಕಾಯಿತು ಎನ್ನುವುದೇ ಟ್ರಿಮ್. ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಇಪ್ಪತ್ತು, ಇಪ್ಪತ್ತೈದು ಶೇಕಡಾ ಹೆಚ್ಚು ಹಾಕಿದರೂ ಸಾಲದಾದಾಗ ದೀಪ ಹತ್ತುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಒಂದಿದ್ದರೆ ಈ ಅಂಕಿ ಮೊಬೈಲಿನಲ್ಲೇ ಕಾಣುತ್ತದೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲೊಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಮ್ಮೆ ಟ್ರಿಮ್ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ 20 ಇದ್ದದ್ದು 2500ರಲ್ಲಿ 4ಕ್ಕೆ ಇಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಥ್ರಾಟಲ್ ಮುಚ್ಚಿದ್ದಾಗ ಎಂಜಿನ್ ಉಸಿರಾಡುವ ಗಾಳಿಯೇ ಕಡಿಮೆ, ಅದರಲ್ಲಿ ಸಣ್ಣ ಸೀಳಿನದೂ ದೊಡ್ಡ ಪಾಲು. ಥ್ರಾಟಲ್ ತೆರೆದ ಮೇಲೆ ಅದು ಲೆಕ್ಕಕ್ಕೇ ಬರುವುದಿಲ್ಲ. ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಏರು ಹತ್ತುವಾಗ ಟ್ರಿಮ್ ಏರಿದರೆ, ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಧೂಳು ಹಿಡಿದು ಕಡಿಮೆ ಹೇಳುತ್ತಿದೆ. ಆ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ ಒತ್ತಡ ನೋಡಿ ಓಡುವ ಕಾರುಗಳೂ ನಮ್ಮಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಗಾಳಿ ಸೋರಿದರೆ ಟ್ರಿಮ್ ಅಷ್ಟಾಗಿ ಅಲುಗುವುದಿಲ್ಲ, ಐಡ್ಲಿಂಗ್ ತಾನಾಗಿ ಏರಿ ಕೂರುತ್ತದೆ.

ಸೋರಿಕೆ ಹುಡುಕುವುದೇ ಈ ವಿದ್ಯೆಯ ರುಚಿಯಾದ ಭಾಗ. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಹೋಸನ್ನು ಮೇಲಿನಿಂದ ನೋಡಿದರೆ ಏನೂ ಕಾಣದು. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಅದನ್ನು ಬಗ್ಗಿಸಿ ಅಡಿಭಾಗದ ಮಡಿಕೆಗಳಲ್ಲಿ ಬೆರಳಾಡಿಸಿ. ಸೀಳಿದ್ದರೆ ಉಗುರು ಸಿಕ್ಕಿಕೊಳ್ಳುವ ಒಂದು ಗೆರೆ ಇರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಗ್ಗುಲಿಗೆ ವಾಲುತ್ತದಲ್ಲ, ಆಗ ಮಾತ್ರ ಅದು ಬಾಯಿ ಬಿಡುತ್ತದೆ. ಬಳಿಕ ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಹೋಸ್, ಬ್ರೇಕ್ ಬೂಸ್ಟರಿನ ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಐಡ್ಲಿಂಗ್‌ನಲ್ಲಿಟ್ಟು ಕಾರ್ಬ್ ಕ್ಲೀನರನ್ನು ಜೋಡಣೆಗಳ ಮೇಲೆ ತುಸುತುಸುವೇ ಸಿಂಪಡಿಸಿದರೆ, ಸೋರುವ ಜಾಗದಲ್ಲಿ ಎಂಜಿನ್ ಸದ್ದು ತಟ್ಟನೆ ಬದಲಾಗುತ್ತದೆ. ಆ ಸ್ಪ್ರೇ ಬೆಂಕಿ ಹಿಡಿಯುವ ವಸ್ತು. ಬಿಸಿ ಸೈಲೆನ್ಸರ್ ಪೈಪಿನ ಹತ್ತಿರವಾಗಲಿ, ಮುಚ್ಚಿದ ಶೆಡ್ಡಿನೊಳಗಾಗಲಿ ಈ ಕೆಲಸ ಕೂಡದು. ಬಯಲಿನಲ್ಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ ಮಾಡಬೇಕು.

ಪೆಟ್ರೋಲ್ ಕಡೆಯ ಶಂಕೆ ಇದ್ದರೆ ಫಿಲ್ಟರ್, ಪಂಪ್, ಇಂಜೆಕ್ಟರ್ ಈ ಸಾಲಿನಲ್ಲಿ ನೋಡಬೇಕು. ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುವುದರಿಂದ ಪ್ರೆಷರ್ ಗೇಜ್ ಇಲ್ಲದವರು, ರೂಢಿ ಇಲ್ಲದವರು ಅಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ಹೋಗುವುದೇ ಜಾಣತನ.

ಮೋಸದ ಜಾಗಗಳೂ ಇವೆ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಪೈಪ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ ಸುಳ್ಳು ಲೀನ್ ತೋರಿಸುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಸದ್ದು ಅದರ ಗುರುತು. ಒಂದು ಪ್ಲಗ್ ಮಿಸ್ಸಿಂಗ್ ಆದರೂ ಹಾಗೇ, ಉರಿಯದ ಆಮ್ಲಜನಕ ನೇರ ಸೆನ್ಸರಿಗೆ ಹೋಗುತ್ತದೆ. ಇನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲ್. ಎಥನಾಲ್ ಉರಿಯಲು ಒಂಬತ್ತು ಪಟ್ಟು ಗಾಳಿ ಸಾಕು, ಹಾಗಾಗಿ ಇಪ್ಪತ್ತು ಶೇಕಡಾ ಬೆರೆತ ಪೆಟ್ರೋಲಿಗೆ ಬೇಕಾದ ಗಾಳಿ 13.5ರ ಆಸುಪಾಸಿಗೆ ಇಳಿಯುತ್ತದೆ. ಇಂಜೆಕ್ಷನ್ ಗಾಡಿ ಟ್ರಿಮ್ ಏರಿಸಿಕೊಂಡು ಸುಧಾರಿಸುತ್ತದೆ. ಮೊದಲೇ ಸಣ್ಣ ಸೋರಿಕೆ ಇದ್ದದ್ದು ಮಾತ್ರ ಆ ಏರಿಕೆಯಿಂದಲೇ ಗಡಿ ದಾಟಿ ದೀಪ ಹತ್ತಿಸಬಹುದು. ಕಾರ್ಬೊರೇಟರಿಗೆ ತಾನೇ ಸರಿಪಡಿಸಿಕೊಳ್ಳುವ ದಾರಿಯಿಲ್ಲ. ಜೆಟ್ ಬದಲಿಸಿ ಟ್ಯೂನ್ ಮಾಡಿಸಬೇಕಾದೀತು.

ಲೀನ್ ಓಡುವ ಗಾಡಿಯನ್ನು ‘ಮೈಲೇಜ್ ಬರುತ್ತೆ ಬಿಡಿ’ ಎಂದು ಬಿಡುವವರಿದ್ದಾರೆ. ಭಾರ ಎಳೆಯುವಾಗ ಲೀನ್ ಆದ ಎಂಜಿನ್ ಒಳಗೇ ಕುಟ್ಟತೊಡಗಿದರೆ ಪಿಸ್ಟನ್, ವಾಲ್ವ್ ಸುಡುತ್ತವೆ. ಮಿಸ್ಸಿಂಗ್ ಆದಾಗ ಉರಿಯದೆ ಉಳಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೂ ಕೆಡಿಸುತ್ತದೆ. ಐವತ್ತು, ನೂರು ರೂಪಾಯಿಯ ಹೋಸ್ ತುಂಡಿನಿಂದ ಮುಗಿಯಬಹುದಾದ ಕೆಲಸ ಎಂಜಿನ್ ಬಿಚ್ಚುವವರೆಗೆ ಹೋಗಬಾರದು.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಒಂದು ವಾರ ಎಂದಿನಂತೆ ಓಡಿಸಿ, ಮತ್ತೆ ಅದೇ ಎರಡು ಅಂಕಿ ನೋಡಿ. ಇಳಿದಿಲ್ಲವಾದರೆ ಹಳೆಯ, ಹೊಸ ಅಂಕಿಗಳೆರಡನ್ನೂ ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ ಕೈಗೆ ಕೊಡಿ. ಬಲ್ಲವನಾದರೆ ಆಕ್ಸಿಜನ್ ಸೆನ್ಸರಿನ ಸುದ್ದಿ ಎತ್ತುವ ಮುಂಚೆ ಅದನ್ನು ಓದುತ್ತಾನೆ.