ಮಾರುವ ಮನೆಯ ಅಲಂಕಾರ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದ ಗೃಹಸ್ಥರಿಲ್ಲ. “ಮನೆ ಮಾರಿ ನೋಡು” ಎಂದು ಹಿರಿಯರು ಸೇರಿಸಲಿಲ್ಲ. ಆದರೆ ಆ ಕಷ್ಟವೂ ಕಡಮೆಯದಲ್ಲವೆಂದು ಕಳೆದ ವರ್ಷ ನಾನು ಅನುಭವದಿಂದ ತಿಳಿದೆನು. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ, ಮಕ್ಕಳು ದೂರದ ಊರುಗಳಲ್ಲಿ ನೆಲಸಿದುದರಿಂದ, ತೀರ್ಥರೂಪರು ಕಟ್ಟಿಸಿದ ಹೆಂಚಿನ ಮನೆಯನ್ನು ವಿಕ್ರಯಿಸಬೇಕಾಯಿತು.

ಕೊಳ್ಳುವವರು ಮನೆಯನ್ನು ಮೊದಲು ಕಣ್ಣಿನಿಂದ ಅಳೆಯುತ್ತಾರೆ. ಆದುದರಿಂದ ನಾವು ಅಟ್ಟವನ್ನು ಬರಿದುಮಾಡಿದೆವು. ಮುರಿದ ಮಂಚ, ತಳವಿಲ್ಲದ ಕೊಳಗ, ಗೆದ್ದಲು ಹಿಡಿದ ಪಂಚಾಂಗಗಳ ಕಟ್ಟು ಎಲ್ಲವೂ ಹೊರಬಿದ್ದುವು. ಕಿಟಕಿಗೆ ಅಡ್ಡವಾಗಿದ್ದ ಬೀರುವನ್ನು ಸರಿಸಿದೊಡನೆ ನಡುಮನೆಗೆ ಬೆಳಕು ಬಂದಿತು. ಸೋರುವ ನಲ್ಲಿಯನ್ನು ಸರಿಪಡಿಸಿ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟು, ಒಡೆದ ಹೆಂಚುಗಳನ್ನು ಬದಲಾಯಿಸಿದೆವು. ಮೂಲ ಕ್ರಯಪತ್ರ, ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ ಇವನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟೆವು. ಇದರಲ್ಲಿ ವಂಚನೆಯೇನೂ ಇಲ್ಲ. ಮನೆಗಿರುವ ಗುಣವನ್ನು ಕಾಣುವಂತೆ ಮಾಡುವುದಷ್ಟೆ.

ಆದರೆ ಪಡುವಣ ಕೋಣೆಯ ಗೋಡೆಯು ನಮ್ಮನ್ನು ಪರೀಕ್ಷೆಗೊಡ್ಡಿತು. ಪ್ರತಿ ಮಳೆಗಾಲದಲ್ಲಿಯೂ ಅದರ ಬುಡಕ್ಕೆ ತೇವವೇರಿ ಗಾರೆ ಉದುರುತ್ತಿದ್ದಿತು. ಬಣ್ಣ ಬಳಿಯಲು ಬಂದವನು, “ಸ್ವಾಮಿ, ಬೇಸಗೆಯಲ್ಲೇ ಮಾರಿಬಿಡಿ. ಮೇಲೊಂದು ಪ್ಲಾಸ್ಟಿಕ್ ಬಣ್ಣ ಬಳಿದರೆ ಮಳೆ ಬರುವವರೆಗೆ ಯಾರಿಗೂ ಗೊತ್ತಾಗೋದಿಲ್ಲ” ಎಂದನು. ಬರುವ ಹಣದಿಂದಲೇ ನಮ್ಮ ಮುಪ್ಪಿನ ದಿನಗಳು ಕಳೆಯಬೇಕಾದುದರಿಂದ, ಆ ಮಾತು ನನ್ನ ಕಿವಿಗೆ ಹಿತವಾಗಿಯೇ ಕೇಳಿತೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಪತ್ನಿ ಮಾತ್ರ, “ಮಳೆ ಬಂದ ದಿನ ಅವರು ಯಾರನ್ನು ನೆನೆಸಿಕೊಳ್ಳುತ್ತಾರೆ?” ಎಂದು ಕೇಳಿದಳು.

ಸುಣ್ಣದ ಗಾರೆಯ ಗೋಡೆಯು ತನ್ನೊಳಗಿನ ತೇವವನ್ನು ಆವಿಯಾಗಿ ಹೊರಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಣ್ಣದ ಪೊರೆಯನ್ನು ಹಚ್ಚಿದರೆ ತೇವವು ಒಳಗೇ ಸಿಕ್ಕಿ ಗೋಡೆ ಇನ್ನಷ್ಟು ಕೆಡುವುದು. ಆ ಉಪಾಯವು ರೋಗವನ್ನು ಮುಚ್ಚುವುದಲ್ಲದೆ ಬೆಳೆಸುವುದೂ ಆಗಿದ್ದಿತು.

ಕಾನೂನಾದರೂ ಇದಕ್ಕೆ ಅನುಕೂಲವಾಗಿಲ್ಲ. ಬೇರೆ ಕರಾರಿಲ್ಲದ ಪಕ್ಷದಲ್ಲಿ, ತಾನು ಬಲ್ಲ ಮುಖ್ಯ ದೋಷವು ಕೊಳ್ಳುವವನ ಸಾಮಾನ್ಯ ಎಚ್ಚರಿಕೆಗೆ ಗೋಚರವಾಗದಂತಹುದಾದರೆ, ಮಾರುವವನು ಅದನ್ನು ಅವನಿಗೆ ತಿಳಿಸತಕ್ಕದ್ದೆಂದು 1882ನೆಯ ಇಸವಿಯ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವು ವಿಧಿಸುತ್ತದೆ. ನಮ್ಮ ಪ್ರಾಚೀನರ ಅಭಿಪ್ರಾಯವೂ ಇದಕ್ಕೆ ದೂರವಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮನೆಯ ವಿಕ್ರಯವನ್ನು ನೆರೆಯ ನಲವತ್ತು ಕುಲದವರ ಸಮಕ್ಷಮದಲ್ಲಿ, ಆ ಮನೆಯ ಮುಂದೆಯೇ ಸಾರಬೇಕೆಂಬ ವಿಧಿಯುಂಟು. ಯಾವ ಗೋಡೆ ತೇವಗೊಳ್ಳುವುದೆಂಬುದು ನೆರೆಯವರಿಗೆ ತಿಳಿಯದಿರುವುದೆ?

ಕೊನೆಗೆ ಬಣ್ಣದವನನ್ನು ಕಳುಹಿಸಿ, ಮೇಸ್ತ್ರಿಯನ್ನು ಕರೆಯಿಸಿ ರಿಪೇರಿಯ ಅಂದಾಜನ್ನು ಬರೆಯಿಸಿದೆನು. ಮನೆ ನೋಡಲು ಬಂದ ಯುವ ದಂಪತಿಗಳಿಗೆ ಮೊದಲು ತೋರಿಸಿದುದು ಆ ಗೋಡೆಯನ್ನೇ. ಅವರು ಅಂದಾಜಿನ ಮೊತ್ತವನ್ನು ಬೆಲೆಯಲ್ಲಿ ಕಳೆಯಿಸಿಕೊಂಡರು. ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳಲಿಲ್ಲ. “ಇದನ್ನೇ ಹೇಳಿದವರು ಬೇರೆ ಯಾವುದನ್ನೂ ಮುಚ್ಚಿಟ್ಟಿರಲಾರಿರಿ, ಮೇಷ್ಟ್ರೇ” ಎಂದು ಆ ಹೆಣ್ಣುಮಗಳು ಹೇಳಿದಳು.

ಮಾರುವ ಮನೆಯನ್ನು ಗುಡಿಸಿರಿ, ಸಾರಿಸಿರಿ, ಬಾಗಿಲಿಗೆ ತೋರಣವನ್ನೂ ಕಟ್ಟಿರಿ. ದೋಷವನ್ನು ಮಾತ್ರ ನೀವಾಗಿಯೇ ಹೇಳಿರಿ. ಈ ವರ್ಷ ಮಳೆ ಹಿಡಿದಾಗ ನನಗೆ ಸುಖವಾಗಿ ನಿದ್ರೆ ಬಂದಿತು.